ಕರಣಿಕ ಕಾಯಕವೂ ದುಡಿವವರ ಮಕ್ಕಳೂ

ಕಲ್ಯಾಣದಲ್ಲಿ ನೆರೆದ ಶರಣಗಣದ ಹೆಸರುಗಳನ್ನು ಒಮ್ಮೆ ಓದಿಕೊಂಡು ಹೋದರೆ ಸಾಕು, ಕಾಯಕತತ್ತ್ವದ ಅರ್ಧ ಉಪದೇಶ ಆ ಹೆಸರುಗಳಲ್ಲಿಯೇ ದೊರೆಯುತ್ತದೆ. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಮೇದರ ಕೇತಯ್ಯನವರು, ಮೋಳಿಗೆಯ ಮಾರಯ್ಯನವರು, ನುಲಿಯ ಚಂದಯ್ಯನವರು, ಕೊಟ್ಟಣದ ಸೋಮಮ್ಮನವರು. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಬಿದಿರು ಸೀಳುವುದು, ಕಟ್ಟಿಗೆ ಹೊರುವುದು, ಹಗ್ಗ ಹೊಸೆಯುವುದು, ಬತ್ತ ಕುಟ್ಟುವುದು. ಇವೇ ಅವರ ಮನೆತನದ ಬಿರುದುಗಳಾದುವು. ದುಡಿಮೆಯ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಅನುಭವ ಮಂಟಪವನ್ನು ಪ್ರವೇಶಿಸಿದ ಆ ಮಹನೀಯರು ಒಬ್ಬರೂ ತಮ್ಮ ಕಸುಬನ್ನು ಬಾಗಿಲ ಹೊರಗೆ ಬಿಟ್ಟು ಬರಲಿಲ್ಲ. ಅದೇ ಗಣದಲ್ಲಿ ಸುಂಕದ ಬಂಕಣ್ಣನವರೂ ಇದ್ದರು. ಸಾಗಿ ಬರುವ ಸರಕಿಗೆ ಸುಂಕ ಎತ್ತುವುದು ಅವರ ಕಾಯಕ. ಹಣವನ್ನು ಎಣಿಸುವ ಕೈಯೂ ಕಟ್ಟಿಗೆಯನ್ನು ಹೊರುವ ಹೆಗಲೂ ಒಂದೇ ಪಂಕ್ತಿಯಲ್ಲಿ ಕುಳಿತುದು ಅಂದಿನ ವಿಶೇಷ.

ಇಂದು ಆ ಪಂಕ್ತಿ ಒಡೆದಿದೆಯೇ ಎಂಬುದನ್ನು ಸದ್ಭಕ್ತರು ಯೋಚಿಸಬೇಕಾಗಿದೆ. ಬ್ಯಾಂಕು, ಲೆಕ್ಕಪರಿಶೋಧನೆ, ಷೇರುಪೇಟೆ, ವಿಮೆ ಮೊದಲಾದ ಹಣಕಾಸಿನ ಕಾರ್ಯಕ್ಷೇತ್ರಗಳು ಈಗ ದೇಶದ ಸಂಪತ್ತಿನ ನರನಾಡಿಗಳಾಗಿವೆ. ಮಾರುಕಟ್ಟೆಯ ಅಂಗಳದಲ್ಲಿ ಮೂಟೆ ಹೊರುವ ಹಮಾಲ, ರಬಕವಿ-ಬನಹಟ್ಟಿಯ ವಿದ್ಯುನ್ಮಗ್ಗದ ಕಾರ್ಮಿಕ, ಬೀಡಿ ಕಟ್ಟುವ ತಾಯಿ, ಆಟೋರಿಕ್ಷಾ ಓಡಿಸುವ ತಂದೆ, ಇಂಥವರ ಮನೆಯ ಮಗನೋ ಮಗಳೋ ಆ ಕ್ಷೇತ್ರಕ್ಕೆ ಕಾಲಿಡಬೇಕೆಂದಾಗ ಎರಡು ಮಾತುಗಳು ಕೇಳಿಬರುತ್ತವೆ. ಮನೆಯವರು, "ಅದು ನಮ್ಮಂಥವರಿಗಲ್ಲಪ್ಪ" ಎನ್ನುತ್ತಾರೆ. ಉಳ್ಳವರು ಬಾಯಿಬಿಟ್ಟು ಹೇಳದೆ, "ಅದು ಅಂಥವರಿಗೆ ಒಗ್ಗುವುದಿಲ್ಲ" ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ. ಒಂದು ಮಾತು ವಿನಯದ ವೇಷದಲ್ಲಿ ಬರುತ್ತದೆ, ಇನ್ನೊಂದು ವಿವೇಕದ ವೇಷದಲ್ಲಿ. ಎರಡೂ ಒಂದೇ ಬಾಗಿಲನ್ನು ಒಳಗಿನಿಂದಲೂ ಹೊರಗಿನಿಂದಲೂ ಮುಚ್ಚುತ್ತವೆ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೆಂಬುದನ್ನು ಅರಿಯದ ಭಕ್ತರಿಲ್ಲ. ಆದರೆ ಅವರು ಆ ಭಂಡಾರದೊಳಕ್ಕೆ ಪ್ರವೇಶಿಸಿದ ಬಗೆಯನ್ನು ಕುರಿತು ಎರಡು ಕಥನಗಳಿರುವುದನ್ನು ಅನೇಕರು ಗಮನಿಸಿರಲಾರರು. ಹರಿಹರ ಕವಿಯ ರಗಳೆಯಲ್ಲಿ ಅವರು ಮಂಗಳವಾಡಕ್ಕೆ ಬರುತ್ತಾರೆ. ಕರಣಿಕರು ಕುಳಿತು ಲೆಕ್ಕ ಮಾಡುವ ಶಾಲೆಯಲ್ಲಿ ಅವರ ನಡುವೆ ಕುಳಿತು, ಲೆಕ್ಕದಲ್ಲಿ ಬಿದ್ದ ತಪ್ಪನ್ನು ಹಿಡಿದು ತೋರಿಸುತ್ತಾರೆ. ಆ ಜಾಣ್ಮೆಯನ್ನು ಮೆಚ್ಚಿ ಅಧಿಕಾರಿಯು ಅವರಿಗೆ ಕರಣಿಕ ಪದವಿಯನ್ನು ಕೊಡುತ್ತಾನೆ. ಭೀಮಕವಿಯ ಬಸವಪುರಾಣದಲ್ಲಾದರೋ ಮಂತ್ರಿಯಾದ ಬಲದೇವನು ಅವರ ಸೋದರಮಾವ. ಅವನು ಮಗಳನ್ನು ಕೊಟ್ಟ ಮಾವನೂ ಹೌದು. ಅವನ ತರುವಾಯ ಆ ಸ್ಥಾನ ಅಳಿಯನಿಗೆ ಬರುತ್ತದೆ. ಯಾವುದು ಇತಿಹಾಸ, ಯಾವುದು ಕಾವ್ಯ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ಇಲ್ಲಿ ಗಮನಿಸತಕ್ಕದ್ದು ಇಷ್ಟು: ಭಂಡಾರಕ್ಕೆ ಅಂದೂ ಎರಡು ಬಾಗಿಲುಗಳಿದ್ದುವು. ಒಂದು ಲೆಕ್ಕ ಬಲ್ಲವನಿಗೆ ತೆರೆಯುವ ಬಾಗಿಲು, ಮತ್ತೊಂದು ಮಾವನಿದ್ದವನಿಗೆ ತೆರೆಯುವ ಬಾಗಿಲು. ಬಸವಣ್ಣನವರು ಯಾವುದರಿಂದ ಹೋಗಿದ್ದರೂ ಒಳಗೆ ಹೋದ ಮೇಲೆ ಮಾಡಿದ ಕೆಲಸ ಸ್ಪಷ್ಟವಾಗಿದೆ. ಭಂಡಾರದ ಹಣವನ್ನು ಜಂಗಮರಿಗೆ ಚೆಲ್ಲುತ್ತಾನೆಂದು ಅಸೂಯಾಪರರು ದೊರೆಗೆ ದೂರಿತ್ತಾಗ, ಬಿಜ್ಜಳನು ಬಂದು ಎಣಿಸಿ ನೋಡಿದರೆ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಕಥೆ. ಪವಾಡವೆಂದು ಅದನ್ನು ಪೂಜಿಸುವವರಿದ್ದಾರೆ. ಲೆಕ್ಕಪತ್ರ ಚೊಕ್ಕಟವಾಗಿದ್ದ ಒಬ್ಬ ಅಧಿಕಾರಿಯ ಕಥೆಯೆಂದು ಓದಿದರೂ ಅದರ ಮಹಿಮೆ ಕುಂದುವುದಿಲ್ಲ.

ಮಾವನಿದ್ದವನ ಬಾಗಿಲು ಕನ್ನಡ ನಾಡಿನಲ್ಲಿ ಬಹುಕಾಲ ಅಗಲವಾಗಿಯೇ ಇತ್ತು. ಬ್ಯಾಂಕುಗಳ ಹುಟ್ಟಿನಲ್ಲಿ ಈ ನಾಡಿಗಿರುವ ಕೀರ್ತಿ ಸಾಮಾನ್ಯವಾದುದಲ್ಲ. ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಮೈಸೂರು ಬ್ಯಾಂಕು 1913ರಲ್ಲಿ, ಕರ್ನಾಟಕ ಬ್ಯಾಂಕು 1924ರಲ್ಲಿ, ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು 1925ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಹುಟ್ಟಿದುವು. ಅವುಗಳಲ್ಲಿ ಕೆಲವು ಈಗ ದೊಡ್ಡ ಬ್ಯಾಂಕುಗಳಲ್ಲಿ ಲೀನವಾಗಿ ಹೆಸರನ್ನು ಕಳೆದುಕೊಂಡಿವೆ. 1928ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಅವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ನೇಕಾರನ, ಕೂಲಿಕಾರನ ಚಿಲ್ಲರೆ ಕಾಸು ಬ್ಯಾಂಕಿನ ಬಂಡವಾಳವಾಯಿತು. ಕಾಸು ಒಳಗೆ ಹೋಯಿತು. ಕಾಸು ಕೊಟ್ಟವನ ಮಗ ಮೇಜಿನ ಆಚೆಗೆ ಕುಳಿತುಕೊಳ್ಳಲು ಇನ್ನೂ ಬಹಳ ವರ್ಷ ಹಿಡಿಯಿತು. 1969ರ ಜುಲೈ 19ರಂದು 14 ಬ್ಯಾಂಕುಗಳೂ 1980ರಲ್ಲಿ ಮತ್ತೆ 6 ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡ ಮೇಲೆ ಶಾಖೆಗಳು ಹಳ್ಳಿಗಳಿಗೆ ಹರಡಿದುವು, ನೇಮಕವು ಪರಿಚಯದ ಕೈಯಿಂದ ಲಿಖಿತ ಪರೀಕ್ಷೆಯ ಕೈಗೆ ಬಂದಿತು, ಮೀಸಲಾತಿ ಬಂದಿತು. ರೈತನ ಮಗ, ಗಿರಣಿ ಕಾರ್ಮಿಕನ ಮಗಳು ಕಾರಕೂನರಾಗಿ ಸೇರಿ, ಪ್ರಬಂಧಕರಾಗಿ ನಿವೃತ್ತರಾದ ಉದಾಹರಣೆಗಳು ಪ್ರತಿ ತಾಲೂಕಿನಲ್ಲೂ ಸಿಕ್ಕುತ್ತವೆ. 2011ರಿಂದ ಸರಕಾರಿ ಬ್ಯಾಂಕುಗಳಿಗೆ ಸಾಮಾನ್ಯ ಪರೀಕ್ಷೆಯೊಂದು ನಡೆಯುತ್ತಿದೆ. ಯಾವ ವಿಷಯದ ಪದವೀಧರನಾದರೂ ಅದಕ್ಕೆ ಕುಳಿತುಕೊಳ್ಳಬಹುದು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದೆಂಬ ನಿರ್ಧಾರ 2019ರಲ್ಲಿ ಆಯಿತು. ಈ ಬಾಗಿಲು ಇಕ್ಕಟ್ಟಾಗಿದೆ, ನೂಕುನುಗ್ಗಲು ವಿಪರೀತವಾಗಿದೆ. ಆದರೂ ಬಾಗಿಲಲ್ಲಿ ನಿಂತವನು ಯಾರ ಅಳಿಯನೆಂದು ಕೇಳುವುದಿಲ್ಲ.

ಕೇಳದೆ ಇದ್ದರೂ ಬೇರೊಂದನ್ನು ಕೇಳುತ್ತದೆ. ಅಭ್ಯರ್ಥಿಯು ಹಿಂದೆ ತೆಗೆದ ಸಾಲವನ್ನು ತಪ್ಪದೆ ತೀರಿಸಿರಬೇಕೆಂಬ ನಿಯಮ ಈಗ ಬ್ಯಾಂಕುಗಳ ನೇಮಕಾತಿಯಲ್ಲಿ ಬಂದಿದೆ. ಸಾಲ ಮರುಪಾವತಿಯಲ್ಲಿ ತಪ್ಪಿದ್ದ ಒಬ್ಬ ಅಭ್ಯರ್ಥಿಯ ನೇಮಕವನ್ನು ಬ್ಯಾಂಕು ರದ್ದುಪಡಿಸಿದುದನ್ನು 2025ರಲ್ಲಿ ಮದ್ರಾಸು ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಪರರ ಹಣವನ್ನು ಕಾಯುವವನು ತನ್ನ ಋಣದಲ್ಲಿ ಶುದ್ಧನಾಗಿರಬೇಕೆಂಬ ತರ್ಕ ಸರಿಯಾದುದೇ. ಆದರೆ ಓದಿದ ಸಾಲವನ್ನು ತೀರಿಸಲು ಉದ್ಯೋಗ ಬೇಕು, ಉದ್ಯೋಗ ಸಿಗಲು ಸಾಲ ತೀರಿರಬೇಕು ಎಂಬ ಸುಳಿಯಲ್ಲಿ ಸಿಕ್ಕುವವನು ಯಾವಾಗಲೂ ಬಡವನೇ. ತಂಗಿಯ ಮದುವೆಗೋ ತಂದೆಯ ಆಸ್ಪತ್ರೆಗೋ ಮೊಬೈಲಿನ ಮೂಲಕ ಕ್ಷಣದಲ್ಲಿ ಸಿಕ್ಕುವ ಸಣ್ಣ ಸಾಲವನ್ನು ತೆಗೆದು ಎರಡು ಕಂತು ತಪ್ಪಿಸಿದ ಹುಡುಗನಿಗೆ, ತಾನು ಮುಂದೆ ಬರೆಯಲಿರುವ ಪರೀಕ್ಷೆಯ ಮೇಲೆ ಅಂದೇ ಗೀಟು ಎಳೆದುಕೊಂಡೆನೆಂಬುದು ಹೇಗೆ ತಿಳಿಯಬೇಕು? ಹೇಳುವ ಹಿರಿಯರು ಮನೆಯಲ್ಲಿಲ್ಲ. ಅನುಭವಸ್ಥರ ಮನೆಯ ಮಕ್ಕಳು ಊಟದ ಹೊತ್ತಿನಲ್ಲಿ ಕಿವಿಗೆ ಬಿದ್ದು ಕಲಿಯುವ ಸಂಗತಿಗಳನ್ನು ಇವರು ಪೆಟ್ಟು ತಿಂದು ಕಲಿಯಬೇಕಾಗುತ್ತದೆ.

ಲೆಕ್ಕಪರಿಶೋಧಕನ ಪದವಿಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡತಕ್ಕದ್ದು. ಅದರಲ್ಲಿ ಭರವಸೆಯೂ ತೊಡಕೂ ಒಟ್ಟಿಗೆ ಹೆಣೆದುಕೊಂಡಿವೆ. 1949ರ ಕಾಯಿದೆಯಿಂದ ಸ್ಥಾಪಿತವಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು ನಡೆಸುವ ಪರೀಕ್ಷೆಗಳಿಗೆ ಹನ್ನೆರಡನೆಯ ತರಗತಿ ಮುಗಿಸಿದವನು ಪ್ರವೇಶಿಸಬಹುದು. ಇದಕ್ಕೆ ಲಕ್ಷಾಂತರ ರೂಪಾಯಿಯ ಕಾಲೇಜು ಶುಲ್ಕ ಬೇಕಾಗಿಲ್ಲ. ಪ್ರತಿಷ್ಠಿತ ವಿದ್ಯಾಲಯದ ಮುದ್ರೆಯೂ ಬೇಡ. ಉತ್ತರಪತ್ರಿಕೆಯನ್ನು ನೋಡುವವನಿಗೆ ಬರೆದವನ ಹೆಸರು ತಿಳಿಯುವುದಿಲ್ಲ. ವೈದ್ಯಕೀಯ ಶಿಕ್ಷಣಕ್ಕೆ ಹೋಲಿಸಿದರೆ ಬಡವನ ಮಗನಿಗೆ ಇದಕ್ಕಿಂತ ಸಮೀಪದ ಉನ್ನತ ಪದವಿ ಇನ್ನೊಂದಿಲ್ಲವೆಂದರೂ ತಪ್ಪಾಗದು. ಆದರೆ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಬರೆಯಬೇಕು. ಕನ್ನಡಕ್ಕೆ ಅಲ್ಲಿ ಎಡೆಯಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಜಮೆ ಖರ್ಚುಗಳ ತತ್ತ್ವವನ್ನು ಅರಿತಿದ್ದರೂ ಕಾನೂನಿನ ಪತ್ರಿಕೆಯಲ್ಲಿ ಭಾಷೆಯ ಗಂಟಿಗೆ ಸಿಕ್ಕಿ ತೊಡಕುತ್ತಾಳೆ. ಪ್ರತಿ ಪತ್ರಿಕೆಯಲ್ಲೂ ನೂರಕ್ಕೆ 40, ಗುಂಪಿನ ಒಟ್ಟು ಮೊತ್ತದಲ್ಲಿ 50 ಬರಬೇಕು; ಒಂದರಲ್ಲಿ 39 ಬಂದರೂ ಇಡೀ ಗುಂಪು ಹೋಯಿತು. ಬರೆದವರಲ್ಲಿ ಬಹುಪಾಲು ಜನ ಮೊದಲ ಪ್ರಯತ್ನದಲ್ಲಿ ಗೆಲ್ಲುವುದಿಲ್ಲ. ಸ್ಥಿತಿವಂತರ ಮನೆಯಲ್ಲಿ ಇದು ಸಾಧಾರಣ ಸಂಗತಿ, ಮತ್ತೊಮ್ಮೆ ಬರೆದರಾಯಿತು. ದಿನಗೂಲಿಯವನ ಮನೆಯಲ್ಲಿ ಒಂದು ಸೋಲೆಂದರೆ ಆರು ತಿಂಗಳ ಅನ್ನದ ಲೆಕ್ಕ. "ಇಷ್ಟು ಓದಿದ್ದು ಸಾಕು, ಎಲ್ಲಾದರೂ ಗುಮಾಸ್ತನಾಗಿ ಸೇರು" ಎಂಬ ಮಾತು ಆಗ ಪ್ರೀತಿಯಿಂದಲೇ ಬರುತ್ತದೆ, ಮತ್ತು ಆ ಮಾತಿಗೆ ತಲೆಬಾಗಿದ ಎಷ್ಟೋ ಮಕ್ಕಳು ಮುಂದಿನ ಪ್ರಯತ್ನದಲ್ಲಿ ಗೆಲ್ಲಬಹುದಾಗಿದ್ದವರು.

ಇದರ ನಡುವೆ ಆರ್ಟಿಕಲ್‌ಶಿಪ್ ಎಂಬ ಗುರುಕುಲವಾಸವಿದೆ. ಅಭ್ಯಾಸದಲ್ಲಿರುವ ಲೆಕ್ಕಪರಿಶೋಧಕನ ಕೈಕೆಳಗೆ, ಮೊದಲು ಮೂರು ವರ್ಷ, 2023ರ ಹೊಸ ವ್ಯವಸ್ಥೆಯ ತರುವಾಯ ಎರಡು ವರ್ಷ, ದುಡಿದು ಕಲಿಯಬೇಕು. ಆ ಅವಧಿಯಲ್ಲಿ ಸಿಕ್ಕುವ ಭತ್ಯೆ ಬೆಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆಗೂ ಊಟಕ್ಕೂ ಸಾಲುವುದು ಕಷ್ಟ. ಬೇರೆಡೆ ಉದ್ಯೋಗ ಮಾಡಲು ನಿಯಮ ಬಿಡುವುದಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಶಿಷ್ಯನೇ ಗುರುವಿಗೆ ದೊಡ್ಡ ಮೊತ್ತವನ್ನು ತೆತ್ತು ಈ ಶಿಕ್ಷಣವನ್ನು ಪಡೆಯಬೇಕಾಗಿತ್ತು; ಅಂದರೆ ಆ ವೃತ್ತಿಯು ಉಳ್ಳವರ ಮಕ್ಕಳಿಗೆಂದೇ ಬೇಲಿ ಹಾಕಿಕೊಂಡಿತ್ತು. ಆ ತೆರಿಗೆ ಹೋಯಿತು, ಬೇಲಿಯ ಗೂಟಗಳು ಉಳಿದಿವೆ. ಒಳ್ಳೆಯ ಕಚೇರಿಯಲ್ಲಿ ಸ್ಥಾನ ದೊರೆಯುವುದು ಹೇಗೆ? ಚಿಕ್ಕಪ್ಪನ ಸ್ನೇಹಿತರೊಬ್ಬರಿರುತ್ತಾರೆ, ತಂದೆಯ ಅಂಗಡಿಯ ಲೆಕ್ಕ ನೋಡುವವರೊಬ್ಬರಿರುತ್ತಾರೆ, ಅವರಿಗೆ ಒಂದು ಮಾತು ಹೇಳಿದರೆ ಆಯಿತು. ಹಮಾಲನ ಮಗನಿಗೆ ಹೇಳಿಸಲು ಯಾರಿದ್ದಾರೆ? ಅವನಿಗೆ ತಿಳಿದ ದೊಡ್ಡ ಮನುಷ್ಯನೆಂದರೆ ಅಡತಿ ಅಂಗಡಿಯ ಸಾಹುಕಾರ. ಆ ಸಾಹುಕಾರನಲ್ಲಿ ತಂದೆ ಮುಂಗಡವಾಗಿ ತೆಗೆದ ಹಣ ಇನ್ನೂ ತೀರಿರುವುದಿಲ್ಲ. ಆದುದರಿಂದ ಮಗನಿಗಾಗಿ ಬಾಯಿ ತೆರೆಯಲು ತಂದೆಗೆ ಧೈರ್ಯ ಸಾಲದು.

ಈ ಪತ್ರಿಕೆಯನ್ನು ಓದುವ ಗೃಹಸ್ಥರಲ್ಲಿ ಅಡತಿ ಅಂಗಡಿಗಳವರು, ಸಹಕಾರಿ ಬ್ಯಾಂಕುಗಳ ನಿರ್ದೇಶಕರು, ಲೆಕ್ಕಪರಿಶೋಧಕರು, ವಕೀಲರು ಇದ್ದೇ ಇದ್ದಾರೆ. ಮಠಕ್ಕೆ ಬಂದಾಗ ಪ್ರಸಾದದ ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು ಉಣ್ಣುವ ಆ ಮಹನೀಯರು ತಮ್ಮ ಕಚೇರಿಯ ಪಂಕ್ತಿಯಲ್ಲಿ ಯಾರಿದ್ದಾರೆಂದು ಒಮ್ಮೆ ಎಣಿಸಿ ನೋಡಿದರೆ ದಾಸೋಹವೆಂಬುದು ಅಡುಗೆಮನೆಯಲ್ಲಿಯೇ ನಿಂತುಹೋಗಿದೆಯೋ ಮುಂದಕ್ಕೆ ನಡೆದಿದೆಯೋ ತಿಳಿದೀತು.

ಲಂಡನ್ ನಗರದ ಸಂಗತಿಯೊಂದು ಇಲ್ಲಿ ನೆನಪಿಗೆ ಬರುತ್ತದೆ. ಬ್ರಿಟನ್ನಿನ ಸಾಮಾಜಿಕ ಚಲನಶೀಲತಾ ಆಯೋಗವು 2016ರಲ್ಲಿ ಹೊರಡಿಸಿದ ವರದಿಯಲ್ಲಿ, ಅಲ್ಲಿಯ ಹೂಡಿಕೆ ಬ್ಯಾಂಕುಗಳು ಉದ್ಯೋಗಕ್ಕೆ ಬಂದ ಕಾರ್ಮಿಕ ವರ್ಗದ ಯುವಕರನ್ನು ತೂಗುವ ತಕ್ಕಡಿ ಎಂಥದೆಂಬುದು ಬಯಲಾಯಿತು. ಕಪ್ಪು ಸೂಟಿನ ಕೆಳಗೆ ಕಂದು ಬಣ್ಣದ ಬೂಟು ತೊಟ್ಟು ಬಂದವನು, ಅವನ ಗಣಿತ ಎಷ್ಟೇ ಚುರುಕಾಗಿದ್ದರೂ, "ನಮ್ಮವನಲ್ಲ" ಎಂದು ಗುರುತಿಸಲ್ಪಡುತ್ತಿದ್ದನಂತೆ. ಆ ಬೂಟಿನ ಶಾಸ್ತ್ರವನ್ನು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಒಳಗಿನ ಮನೆಗಳಲ್ಲಿ ಹುಟ್ಟಿದವರಿಗೆ ಮಾತ್ರ ಅದು ಗೊತ್ತು. ಒಳಗೆ ಸೇರಿದವರ ಗತಿಯಾದರೂ ಏನು? 2020ರಲ್ಲಿ ಅಲ್ಲಿಯ ಹಣಕಾಸು ಸಂಸ್ಥೆಗಳನ್ನು ಅಭ್ಯಸಿಸಿದ ಬ್ರಿಜ್ ಗ್ರೂಪ್ ಎಂಬ ತಂಡವು ಶ್ರಮಿಕ ಮನೆತನದಿಂದ ಬಂದವರಿಗೆ ಬಡ್ತಿ ದೊರೆಯಲು ಹೆಚ್ಚು ಕಾಲ ಬೇಕಾಗುತ್ತದೆಂದೂ, ಅದಕ್ಕೆ ಕೆಲಸದಲ್ಲಿ ಅವರ ಕೊರತೆ ಕಾರಣವಲ್ಲವೆಂದೂ ಹೇಳಿತು.

ಕಂದು ಬೂಟಿನ ಕಥೆಯನ್ನು ಓದಿ ನಗುವ ಮುನ್ನ ಹರಳಯ್ಯನವರನ್ನು ನೆನೆಯಬೇಕು. ಬಸವಣ್ಣನವರಿಗೆ ಶರಣೆಂದಾಗ ಅವರು ಮರಳಿ ಶರಣು ಶರಣೆಂದರು. ಆ ಒಂದು ಹೆಚ್ಚಿನ ಶರಣು ತನ್ನ ಮೇಲೆ ಋಣವಾಯಿತೆಂದು ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರು. ಬಸವಣ್ಣನವರು ಅವನ್ನು ಕಾಲಿಗೆ ತೊಡದೆ ಶಿರದ ಮೇಲೆ ಇಟ್ಟುಕೊಂಡರು. ಒಂದು ಶರಣನ್ನೂ ಲೆಕ್ಕವಿಟ್ಟು ಮರಳಿಸುವ ಈ ಋಣಪ್ರಜ್ಞೆ ಚಪ್ಪಲಿ ಹೊಲಿಯುವವರ ಮನೆಯಲ್ಲಿತ್ತು. ಇಂದಿನ ಕಚೇರಿಗಳು ಬೂಟಿನ ಬಣ್ಣವನ್ನು ನೋಡುತ್ತವೆ. ಬೆಂಗಳೂರಿನಲ್ಲಿ ಬೂಟಿನ ಬದಲು ಇಂಗ್ಲಿಷಿನ ಉಚ್ಚಾರ, ಓದಿದ ಶಾಲೆಯ ಹೆಸರು, ವಾಸಿಸುವ ಬಡಾವಣೆ ಇವು ಬೂಟಿನ ಕೆಲಸವನ್ನು ಮಾಡುತ್ತವೆ, ಅಷ್ಟೇ.

ಹೊರಗಿನ ಈ ತಡೆಗಳಿಗಿಂತ ಆಳವಾದ ತಡೆಯೊಂದು ಒಳಗೆ ಇದೆ. ಅರ್ಜಿಯಲ್ಲಿ "ತಂದೆಯ ಉದ್ಯೋಗ" ಎಂಬ ಅಂಕಣ ಬಂದಾಗ ಹುಡುಗನ ಲೇಖನಿ ಒಂದು ಗಳಿಗೆ ನಿಲ್ಲುತ್ತದೆ. ಹಮಾಲಿ ಎಂದು ಬರೆಯಬೇಕಾದಲ್ಲಿ "ವ್ಯಾಪಾರ" ಎಂದು ಬರೆಯುತ್ತಾನೆ. ಆಮೇಲೆ ಆ ವ್ಯಾಪಾರಕ್ಕೆ ಒಂದು ಅಂಗಡಿ ಬೇಕಾಗುತ್ತದೆ, ಅಂಗಡಿಗೆ ಒಂದು ಬೀದಿ ಬೇಕಾಗುತ್ತದೆ. ಗೆಳೆಯರು ಊರಿಗೆ ಬರುತ್ತೇವೆಂದಾಗ ನೆಪ ಹುಡುಕಬೇಕಾಗುತ್ತದೆ. ತಂದೆ ಮಗನನ್ನು ಕಾಣಲು ಕಚೇರಿಗೆ ಬಂದರೆ ಕೆಳಗೆ ಚಹಾದಂಗಡಿಯ ಹತ್ತಿರ ನಿಲ್ಲಿಸಿ ಮಾತಾಡಿಸಿ ಕಳುಹಿಸುತ್ತಾನೆ. ತಂದೆಗೂ ಅದು ಅರ್ಥವಾಗುತ್ತದೆ. ಮುಂದಿನ ಸಲ ಅವನು ಬರುವುದೇ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಸುಮ್ಮನಿರುತ್ತಾರೆ. ಕಾಯಕದ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ಶರಣರ ಸಂತತಿಯೆಂದು ಹೇಳಿಕೊಳ್ಳುವ ಸಮಾಜದಲ್ಲಿ ಇದು ನಡೆಯುತ್ತಿರುವುದು ದುಃಖದ ಸಂಗತಿ. ಅದರ ದೋಷವನ್ನು ಆ ಹುಡುಗನ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಹಮಾಲಿ ಎಂಬ ಪದ ಕೇಳಿದೊಡನೆ ಬದಲಾಗುವ ಎದುರಿನವರ ಮುಖವನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ.

ಹಾಗೆ ನೋಡಿದರೆ ಆ ಮನೆಯಲ್ಲಿ ಲೆಕ್ಕದ ವಿದ್ಯೆಗೆ ಕೊರತೆ ಇರುವುದಿಲ್ಲ. ಮೂಟೆಗೆ ಇಷ್ಟು ಎಂದು ಕೂಲಿ ಪಡೆಯುವ ತಂದೆ ದಿನದ ಕೊನೆಗೆ ಎಷ್ಟು ಮೂಟೆ ಇಳಿಸಿದೆನೆಂಬುದನ್ನು ಚೀಟಿಯಿಲ್ಲದೆ ಹೇಳಬಲ್ಲ. ಮಾರುಕಟ್ಟೆಯಿಂದ ಬಂದ ಪಟ್ಟಿಯಲ್ಲಿ ತೂಕದ ಕಡಿತ, ಹಮಾಲಿ, ದಲಾಲಿ ಎಲ್ಲಿ ಹೆಚ್ಚಾಯಿತೆಂಬುದನ್ನು ಒಂದೇ ನೋಟದಲ್ಲಿ ಹಿಡಿಯಬಲ್ಲ. ತಾಯಿಯು ಸ್ತ್ರೀಶಕ್ತಿ ಸಂಘದ ಸದಸ್ಯೆಯಾಗಿದ್ದರೆ ವಾರದ ಉಳಿತಾಯ, ಆಂತರಿಕ ಸಾಲ, ಕೈಯಲ್ಲಿರುವ ಶಿಲ್ಕು ಇವು ಆ ಮನೆಯ ಮಾತಿನಲ್ಲಿಯೇ ಇರುತ್ತವೆ. ಎಷ್ಟೋ ಮನೆಗಳೊಳಗೆ ಬಂದ ಮೊದಲ ಲೆಕ್ಕದ ಪುಸ್ತಕ ತಾಯಿಯ ಸಂಘದ ಪುಸ್ತಕವೇ. ಬಡ್ಡಿಯೆಂದರೇನೆಂಬುದನ್ನು ಪಠ್ಯಪುಸ್ತಕದ ಸೂತ್ರದಿಂದ ಕಲಿತವನಿಗೂ, ಬಡ್ಡಿಯವನು ಬಾಗಿಲಿಗೆ ಬಂದಾಗ ತಾಯಿ ಹಿತ್ತಿಲಿಗೆ ಹೋಗಿ ನಿಂತುದನ್ನು ಕಂಡು ಕಲಿತವನಿಗೂ ವ್ಯತ್ಯಾಸವಿದೆ. ಎರಡನೆಯವನು ಬ್ಯಾಂಕಿನ ಮೇಜಿನ ಹಿಂದೆ ಕುಳಿತಾಗ ಸಾಲ ಕೇಳಲು ಬಂದವನ ಮುಖದಲ್ಲಿ ಅಂಕಿಗಳಿಗಿಂತ ಹೆಚ್ಚಿನದನ್ನು ಓದಬಲ್ಲ. ಅಂಥ ಅಧಿಕಾರಿಗಳು ಬ್ಯಾಂಕುಗಳಿಗೆ ಬೇಕಾಗಿದ್ದಾರೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಹಣವನ್ನು ಎಣಿಸುವುದು, ಹಣದಿಂದ ಹಣವನ್ನು ಹುಟ್ಟಿಸುವುದು ಕಾಯಕವೆನಿಸೀತೇ? ಮೈಮುರಿದು ದುಡಿದ ತಂದೆಯ ಕಾಯಕವನ್ನು ಬಿಟ್ಟು ಮಗನು ಇದಕ್ಕೆ ಬರುವುದು ಏರಿಕೆಯೋ ಇಳಿತವೋ? ಪ್ರಶ್ನೆ ಸುಲಭವಾದುದಲ್ಲ. ಕಾಯಕಕ್ಕೆ ಶರಣರು ಇಟ್ಟ ಒರೆಗಲ್ಲು ಕೆಲಸದ ಜಾತಿಯನ್ನು ನೋಡುವುದಿಲ್ಲ, ಮಾಡುವವನ ಶುದ್ಧಿಯನ್ನು ನೋಡುತ್ತದೆ. ಅದರಿಂದ ಯಾರಿಗಾದರೂ ಪ್ರಯೋಜನವಾಯಿತೇ, ಅದರಲ್ಲಿ ಸಲ್ಲದ ಆಸೆ ಸೇರಿತೇ ಎಂಬುದನ್ನು ನೋಡುತ್ತದೆ. ಊರಿನವರ ಉಳಿತಾಯವನ್ನು ಕಾಯ್ದು, ಬೀಜಕ್ಕೆ ಮಗ್ಗಕ್ಕೆ ಬೇಕಾದವನಿಗೆ ತಲುಪಿಸುವುದು ಲೋಕೋಪಯೋಗಿಯಾದ ಕೆಲಸ. ವಚನ ಸಾಹಿತ್ಯವನ್ನು ತಾಳೆಗರಿಯಿಂದ ಎತ್ತಿ ಲೋಕಕ್ಕೆ ಕೊಟ್ಟ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸುವುದಕ್ಕಿಂತ ಮುಂಚೆಯೇ, 1912ರಲ್ಲಿ, ವಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಗದಗ ಪ್ರಾಂತದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಸಹಕಾರಿ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ವಚನವನ್ನು ಓದಿದ ಕಣ್ಣು ಖಾತೆಯ ಪುಸ್ತಕವನ್ನು ಓದಲಾರದೆಂದು ಆ ಹಿರಿಯರಿಗೆ ಅನ್ನಿಸಲಿಲ್ಲ.

ಆದರೆ ಇಳಿತದ ದಾರಿಯೂ ಇಲ್ಲಿಯೇ ಇದೆ, ಅದು ಬಹಳ ನುಣುಪಾಗಿದೆ. 1992ರ ಮುಂಬಯಿಯ ಷೇರು ಹಗರಣವನ್ನು ಹಿರಿಯ ಓದುಗರು ಮರೆತಿರಲಾರರು. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರೇ ಲೆಕ್ಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಮೀರಿದ ನಗದು ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಆ ಅಢಾವೆ ಪತ್ರಿಕೆಗಳಿಗೆ ಲೆಕ್ಕಪರಿಶೋಧಕರ ಸಹಿ ಬಿದ್ದಿತ್ತು. ಹೆಸರಿನಲ್ಲಿಯೇ ಸತ್ಯವನ್ನು ಇಟ್ಟುಕೊಂಡ ಸಂಸ್ಥೆಗೆ ಅದು ಒದಗಲಿಲ್ಲ. ಲೆಕ್ಕಪರಿಶೋಧಕನ ಕಾಯಕವೆಲ್ಲವೂ ಆ ಸಹಿಯಲ್ಲಿದೆ. ಬ್ಯಾಂಕಿನಲ್ಲಿ ನಿಜವಾಗಿ ಹಣವಿದೆಯೇ, ಉಗ್ರಾಣದಲ್ಲಿ ಸರಕಿದೆಯೇ ಎಂದು ತಾಳೆ ನೋಡದೆ ಹಾಕಿದ ಸಹಿಯು, ತೂತು ದೋಣಿಗೆ ಜನರನ್ನು ಕೂರಿಸಿದ ಅಂಬಿಗನ ಕೆಲಸದಂತೆ.

ಈಗ ದುಡಿವವರ ಮನೆಯಿಂದ ಬಂದ ಯುವಕನನ್ನು ಆ ಸ್ಥಳದಲ್ಲಿ ನಿಲ್ಲಿಸಿ ನೋಡಬೇಕು. ಹಿರಿಯರು ಒಂದು ಕಾಗದವನ್ನು ಮುಂದಿಟ್ಟು, "ಇದಕ್ಕೆ ಗುರುತು ಹಾಕು, ಉಳಿದದ್ದು ನಿನಗೆ ಬೇಡ" ಎನ್ನುತ್ತಾರೆ. ಉಳ್ಳವರ ಮಗನಾದರೆ ಕೆಲಸವನ್ನು ಬಿಟ್ಟು ಮನೆಗೆ ಹೋಗಬಹುದು, ಮನೆಯಲ್ಲಿ ಅನ್ನವಿದೆ. ಇವನಿಗೆ ಓದಿಸಿದ ಸಾಲವಿದೆ, ತಂಗಿಯ ಶುಲ್ಕವಿದೆ, ಬೆನ್ನು ಬಾಗಿದ ತಂದೆಯಿದ್ದಾನೆ. ಅವನ ಪ್ರಾಮಾಣಿಕತೆಗೆ ಬೆಲೆ ಹೆಚ್ಚು, ಅದನ್ನು ತೆರಲು ಅವನ ಕೈಯಲ್ಲಿರುವುದು ಕಡಿಮೆ. ಸತ್ಯಕ್ಕನವರು ಅಂಗಳ ಗುಡಿಸುವ ಕಾಯಕದವರು. ಗುಡಿಸುವ ಹಾದಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯಿಂದ ಮುಟ್ಟೆನೆಂದು ವ್ರತ ಹಿಡಿದವರು. ಅಂಥ ಕೈಗೆ ಯಾವ ಭಂಡಾರದ ಬೀಗದ ಕೈಯನ್ನಾದರೂ ಒಪ್ಪಿಸಬಹುದು. ಆದರೆ ಸತ್ಯಕ್ಕನವರ ಬೆನ್ನಿಗೆ ಶರಣಸಮೂಹವಿತ್ತು, ಹಸಿದಂದು ಮಹಾಮನೆಯಿತ್ತು. ಬೆನ್ನಿಗೆ ಯಾರೂ ಇಲ್ಲದವನಿಗೆ "ಪ್ರಾಮಾಣಿಕನಾಗಿರು" ಎಂದು ಉಪದೇಶಿಸಿ ಕೈತೊಳೆದುಕೊಳ್ಳುವುದು ಅಗ್ಗದ ಕೆಲಸ. ವಿದ್ಯಾರ್ಥಿವೇತನವನ್ನು ಅಂಕಗಳ ಬಹುಮಾನವೆಂದು ಭಾವಿಸಿರುವ ದಾನಿಗಳು ಅದನ್ನು ಈ ಬೆಳಕಿನಲ್ಲಿ ನೋಡಬೇಕು: ಋಣವಿಲ್ಲದೆ ಓದಿ ಬಂದವನು ನಾಳೆ ಸುಳ್ಳು ಲೆಕ್ಕದ ಮುಂದೆ ಲೇಖನಿಯನ್ನು ಕೆಳಗಿಡಬಲ್ಲ.

ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಜಾತಿಮತ ನೋಡದೆ ಅನ್ನ, ವಸತಿ, ಅಕ್ಷರಗಳನ್ನು ಕೊಟ್ಟರು. ಆ ದಾಸೋಹ ಇಂದಿಗೂ ನಡೆದಿದೆ. ಹಳ್ಳಿಯ ಬಡ ಹುಡುಗನು ಶಾಲೆಯ ಕೊನೆಯವರೆಗೆ ಬರುವ ಸೇತುವೆಯನ್ನು ಮಠಗಳು ಕಟ್ಟಿವೆ. ಆಚೆಯ ದಡದಲ್ಲಿ ಒಂದು ತುಂಡು ಉಳಿದಿದೆ: ಪದವಿಯಿಂದ ವೃತ್ತಿಯವರೆಗಿನ ಮೂರು ನಾಲ್ಕು ವರ್ಷ. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳಲ್ಲಿ ಆರ್ಟಿಕಲ್‌ಶಿಪ್ ಮಾಡುವ ಮಕ್ಕಳಿಗೆ ಎರಡು ವರ್ಷದ ವಸತಿ, ಇಂಗ್ಲಿಷಿನಲ್ಲಿ ಉತ್ತರ ಬರೆಯುವ ಅಭ್ಯಾಸ, ಸೋತಾಗ ಇನ್ನೊಂದು ಪ್ರಯತ್ನಕ್ಕೆ ಆರು ತಿಂಗಳ ಊಟ. ದೊಡ್ಡ ಕಟ್ಟಡಕ್ಕೆ ಹೆಸರು ಕೆತ್ತಿಸುವಷ್ಟು ಆಕರ್ಷಕ ಇದಲ್ಲವೆಂಬುದು ನಿಜ.

ಹೆಣ್ಣುಮಕ್ಕಳ ಸಂಗತಿಯಲ್ಲಿ ಒಂದು ಮಾತು. ಭಾರತದಲ್ಲಿ ಲೆಕ್ಕಪರಿಶೋಧಕಿಯಾದ ಮೊದಲ ಮಹಿಳೆ ಮದರಾಸಿನ ಆರ್. ಶಿವಭೋಗಂ, 1933ರಲ್ಲಿ; ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು ಬಂದವರು. ಅಷ್ಟು ಹಿಂದೆ ತೆರೆದ ಬಾಗಿಲನ್ನು ಇಂದು ಎರಡನೆಯ ಗುಂಪಿನ ಪರೀಕ್ಷೆಗೆ ಎರಡು ತಿಂಗಳಿರುವಾಗ ಮಗಳಿಗೆ ಗಂಡು ನೋಡಿ ಮುಚ್ಚುವ ತಂದೆತಾಯಿಗಳು ಇದ್ದಾರೆ. ಪರೀಕ್ಷೆಯ ತಿಂಗಳು ಮೊದಲೇ ಗೊತ್ತಿರುತ್ತದೆ, ಮುಹೂರ್ತಗಳಿಗೇನು ಬರವಿಲ್ಲ.

ಇನ್ನು ಗೆದ್ದು ಒಳಗೆ ಹೋದವನ ಸಂಗತಿ. ಮೊದಲ ಸಂಬಳ ಬಂದ ದಿನ ಇಡೀ ಬಂಧುಬಳಗದ ಕಣ್ಣು ಅವನ ಮೇಲೆ ಬೀಳುತ್ತದೆ. ಮನೆ ಕಟ್ಟಬೇಕು, ಸಾಲ ತೀರಿಸಬೇಕು, ಜಾತ್ರೆಗೆ ಪಟ್ಟಿ ಕೊಡಬೇಕು. ಕಾರು ಕೊಳ್ಳದಿದ್ದರೆ ಗೆದ್ದನೆಂದು ಯಾರೂ ನಂಬುವುದಿಲ್ಲ. ತಂದೆ ಇಡೀ ವರ್ಷ ದುಡಿದು ತರುತ್ತಿದ್ದುದನ್ನು ಒಂದು ತಿಂಗಳಲ್ಲಿ ಪಡೆಯುವವನಿಗೆ ಹಣದ ತೂಕವೇ ತಪ್ಪಿಹೋಗುವ ಭಯವಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಮಹಾಮನೆಯ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಹೆಚ್ಚಿಗೆ ಎಲ್ಲಿಂದ ಬಂದಿತೆಂದು ಕೇಳಿ, ಬೇಡವಾದಷ್ಟನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದರು. ಈ ಕಥೆಯನ್ನು ಬಡವರಿಗೆ ಹೇಳಿ ತೃಪ್ತಿಯನ್ನು ಬೋಧಿಸುವ ಅಭ್ಯಾಸ ಹಲವರಿಗಿದೆ. ಅದು ಕಥೆಗೆ ಮಾಡಿದ ಅನ್ಯಾಯ. ಲಕ್ಕಮ್ಮನವರು ಗಂಡನಿಗೆ ಅಕ್ಕಿ ಆಯಬೇಡವೆಂದು ಹೇಳಲಿಲ್ಲ. ತಂದ ಅಕ್ಕಿಯ ಲೆಕ್ಕ ಕೇಳಿದರು. ಮನೆಯೊಳಗೆ ಹಾಗೆ ಲೆಕ್ಕ ಕೇಳುವ ಒಂದು ಬಾಯಿ ಇರುವುದು ಹಣಕಾಸಿನಲ್ಲಿ ದುಡಿಯುವವನ ಪುಣ್ಯ. ಹೆಂಡತಿಯೋ ತಾಯಿಯೋ, "ಈ ತಿಂಗಳು ಈ ಹೆಚ್ಚಿನ ಹಣ ಯಾವುದಪ್ಪ?" ಎಂದು ಕೇಳಿದಾಗ ತಡವರಿಸದೆ ಉತ್ತರಿಸುವಂತಿದ್ದರೆ ಆತನ ಊಟ ಮೈಗೆ ಹತ್ತುತ್ತದೆ.

ಪ್ರಸ್ತುತ ವಿದ್ಯಾರ್ಥಿಗಳಿರುವ ಮನೆಗಳಿಗೆ ಉಪಯೋಗವಾಗುವ ಕೆಲವು ವಿವರಗಳು. ಚಾರ್ಟರ್ಡ್ ಅಕೌಂಟೆಂಟ್ ಶಿಕ್ಷಣದ ಪ್ರವೇಶ ಪರೀಕ್ಷೆಯು 2024ರಿಂದ ವರ್ಷಕ್ಕೆ ಮೂರು ಬಾರಿ ನಡೆಯುತ್ತಿದೆ. ಒಮ್ಮೆ ತಪ್ಪಿದವನು ಮೊದಲಿನಂತೆ ಆರು ತಿಂಗಳು ಕಾಯಬೇಕಾಗಿಲ್ಲ. ವಾಣಿಜ್ಯ ಪದವಿಯಲ್ಲಿ ನೂರಕ್ಕೆ 55, ಇತರ ಪದವಿಗಳಲ್ಲಿ 60 ಪಡೆದವರು ಆ ಮೊದಲ ಮೆಟ್ಟಿಲನ್ನು ಬಿಟ್ಟು ಮುಂದಿನದಕ್ಕೆ ನೇರವಾಗಿ ಹೋಗಬಹುದು. ಒಂದು ಪತ್ರಿಕೆಯಲ್ಲಿ 60 ಬಂದು ಗುಂಪಿನಲ್ಲಿ ಸೋತವರಿಗೆ ಆ ಪತ್ರಿಕೆಯ ವಿನಾಯಿತಿ ಮುಂದಿನ ಪ್ರಯತ್ನಗಳಿಗೆ ದೊರೆಯುತ್ತದೆ. ಇದನ್ನು ಅರಿಯದೆ, ಸೋತೆನೆಂದು ಪುಸ್ತಕಗಳನ್ನು ಮಾರಿಬಿಟ್ಟವರಿದ್ದಾರೆ. ಬ್ಯಾಂಕಿನ ಅಧಿಕಾರಿ ಹುದ್ದೆಯ ಸಾಮಾನ್ಯ ಪರೀಕ್ಷೆಗೆ ವಯಸ್ಸು 20ರಿಂದ 30. ಹಿಂದುಳಿದವರಿಗೂ ಪರಿಶಿಷ್ಟರಿಗೂ ನಿಯಮದಂತೆ ಸಡಿಲಿಕೆಯುಂಟು. ಓದುವಾಗ ಸಾಲ ಮಾಡಲೇಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲವನ್ನೇ ಮಾಡಬೇಕು. ಓದು ಮುಗಿಯುವವರೆಗೆ ಅದರ ಕಂತಿಗೆ ಬಿಡುವಿರುತ್ತದೆ. ಬಿಡುವು ಮುಗಿಯುವ ತಿಂಗಳನ್ನು ಮನೆಯ ಪಂಚಾಂಗದಲ್ಲಿ ಗುರುತು ಹಾಕಿ ಇಡತಕ್ಕದ್ದು.